ನೆಲ ಮುಟ್ಟಿದ ಬೆಲೂನು

2025ರ ಜನವರಿಯಲ್ಲಿ ಬೀದರ ಜಿಲ್ಲೆಯ ಹುಮನಾಬಾದ ತಾಲೂಕಿನ ಜಲಸಂಗಿ ಗ್ರಾಮದಲ್ಲಿ ದೊಡ್ಡದೊಂದು ಬೆಲೂನು ಬಂದಿಳಿದ ಸಂಗತಿಯನ್ನು ಶ್ರೋತೃಗಳು ಕೇಳಿರಬಹುದು. ಹೈದರಾಬಾದಿನಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಹಾರಿಸಿದ ಬೆಲೂನು ಅದು. ಅದರಲ್ಲಿ ಉಪಕರಣಗಳಿದ್ದುವೇ ಹೊರತು ಮನುಷ್ಯರಿರಲಿಲ್ಲ. ಚಿಂಚೋಳಿ, ಸೇಡಂ, ಚಿತ್ತಾಪುರಗಳ ಕಡೆಯವರು ಇಂಥ ಬೆಲೂನನ್ನು ಕಂಡರೆ, ಅಷ್ಟು ಎತ್ತರದಿಂದ ಬಿದ್ದರೆ ಗತಿಯೇನು ಎಂದು ಯೋಚಿಸುವುದು ಸಹಜ. ಆದರೆ ಮನುಷ್ಯರನ್ನು ಹೊತ್ತ ಬೆಲೂನಿಗೆ ಎತ್ತರಕ್ಕಿಂತಲೂ ನೆಲ ಮುಟ್ಟುವ ಗಳಿಗೆಯೇ ಹೆಚ್ಚು ವಿಷಮವಾದುದೆಂದು ನಾವು ಹೇಳುತ್ತೇವೆ.

1881ನೆಯ ಡಿಸೆಂಬರ್ 10ರಂದು ಇಂಗ್ಲೆಂಡಿನ ಬಾತ್ ನಗರದಿಂದ ‘ಸಾಲಾಡಿನ್’ ಎಂಬ ಬೆಲೂನು ಹವೆಯ ಪರೀಕ್ಷೆಗಾಗಿ ಮೇಲೆದ್ದಿತು. ಅದರಲ್ಲಿ ಸೇನೆಯ ಕ್ಯಾಪ್ಟನ್ ಟೆಂಪ್ಲರ್, ಆಗ್-ಗಾರ್ಡನರ್, ಪಾರ್ಲಿಮೆಂಟಿನ ಸದಸ್ಯ ವಾಲ್ಟರ್ ಪವೆಲ್ ಈ ಮೂವರಿದ್ದರು. ತುಂಬಿದ್ದುದು ಕಲ್ಲಿದ್ದಲಿನ ಅನಿಲ. ಪವೆಲ್ಲರ ತಂದೆ ವೇಲ್ಸ್ ಪ್ರಾಂತದ ಕಲ್ಲಿದ್ದಲ ಗಣಿಗಳಿಂದಲೇ ಸಿರಿವಂತರಾದವರು!

ಗಾಳಿ ಅವರನ್ನು ದಕ್ಷಿಣಕ್ಕೆ ಒಯ್ದಿತು. ಬ್ರಿಡ್‌ಪೋರ್ಟಿನ ಬಳಿ ಕಡಲು ಹತ್ತಿರವಾಗಲು ಟೆಂಪ್ಲರ್ ಅವಸರದಿಂದ ಬೆಲೂನನ್ನು ಇಳಿಸಿದರು. ಬುಟ್ಟಿ ನೆಲಕ್ಕೆ ಅಪ್ಪಳಿಸಿ ಅವರು ಹೊರಗೆ ಬಿದ್ದರು. ಹಗುರಾದ ಬೆಲೂನು ಮೇಲೇಳುತ್ತಿದ್ದಂತೆ ಆಗ್-ಗಾರ್ಡನರರೂ ಉರುಳಿ ಕಾಲು ಮುರಿದುಕೊಂಡರು. ಅನಿಲವನ್ನು ಹೊರಬಿಡುವ ಕವಾಟದ ಹಗ್ಗ ಇನ್ನೂ ಟೆಂಪ್ಲರರ ಕೈಯಲ್ಲಿತ್ತು. ಅದೂ ಜಾರಿತು. ಪವೆಲ್ ಒಬ್ಬರೇ ಕಡಲ ಮೇಲೆ ತೇಲಿಹೋದರು. ಅವರ ದೇಹ ದೊರೆಯಲೇ ಇಲ್ಲ.

ಇದು ಹೇಗಾಯಿತು? ಒಂದು ಘನಮೀಟರು ಗಾಳಿಯ ತೂಕ ಸುಮಾರು 1,200 ಗ್ರಾಂ. ಕಲ್ಲಿದ್ದಲಿನ ಅನಿಲದ್ದು ಹೆಚ್ಚುಕಡಮೆ ಅದರ ಅರ್ಧ. ಈ ವ್ಯತ್ಯಾಸವೇ ಬೆಲೂನನ್ನು ಎತ್ತುವ ಬಲ. ತೇಲುತ್ತಿರುವಾಗ ಈ ಬಲವೂ ಒಟ್ಟು ಭಾರವೂ ಸಮತೂಕದಲ್ಲಿರುತ್ತವೆ. ಒಂದು ಹಿಡಿ ಮರಳು ಚೆಲ್ಲಿದರೂ ಬೆಲೂನು ಏರುತ್ತದೆ. ಎರಡಡಿ ಉದ್ದ, ಎರಡಡಿ ಅಗಲ, ಒಂದಂಗುಲ ದಪ್ಪದ ಶಹಾಬಾದಿನ ಹಾಸುಗಲ್ಲು ಸುಮಾರು 25 ಕಿಲೋ ತೂಗುತ್ತದೆ. ಇಬ್ಬರು ಗಂಡಸರು ಹೊರಬಿದ್ದುದೆಂದರೆ ಅಂಥ ಆರು ಕಲ್ಲುಗಳನ್ನು ಒಮ್ಮೆಗೇ ಎಸೆದಂತೆ. ವಾಡಿಯ ನಿಲ್ದಾಣದಲ್ಲಿ ರೈಲಿನಿಂದ ಇಳಿದವರ ಭಾರ ರೈಲಿಗೆ ಲೆಕ್ಕಕ್ಕಿಲ್ಲ. ಬೆಲೂನಿಗೆ ಅದೇ ಸರ್ವಸ್ವ.

ಇದು ಆಗ ಹೊಸ ತಿಳಿವಳಿಕೆಯೇನೂ ಅಲ್ಲ. 1783ರ ಡಿಸೆಂಬರ್ 1ರಂದೇ ಫ್ರಾನ್ಸಿನ ವಿಜ್ಞಾನಿ ಶಾರ್ಲ್ ಜಲಜನಕದ ಬೆಲೂನಿನಲ್ಲಿ ಹಾರಿ ಇಳಿದಾಗ, ಸಂಗಡಿಗ ರಾಬರ್ ಬುಟ್ಟಿಯಿಂದ ಹೊರಗೆ ಕಾಲಿಟ್ಟ. ಮರುಕ್ಷಣವೇ ಶಾರ್ಲ್ ಒಬ್ಬನೇ ಸುಮಾರು 3,000 ಮೀಟರು ಮೇಲಕ್ಕೆ ಚಿಮ್ಮಿದ. ಮುಳುಗಿದ್ದ ಸೂರ್ಯನನ್ನು ಆ ದಿನ ಎರಡನೆಯ ಬಾರಿ ಕಂಡ; ಕಿವಿನೋವಿನಿಂದ ನರಳಿ ಕೆಳಗಿಳಿದ. ಮತ್ತೆಂದೂ ಅವನು ಹಾರಲಿಲ್ಲ. ಅವನ ಕೆಳಗೆ ನೆಲವಿತ್ತು, ಪವೆಲ್ಲರ ಕೆಳಗೆ ಕಡಲು. ಅಷ್ಟೇ ಭೇದ.

ಟೆಂಪ್ಲರ್ ಗೆಳೆಯನನ್ನು ಬಿಟ್ಟು ಹಾರಿಕೊಂಡರೆಂದು ಭಾವಿಸುವುದು ಅನ್ಯಾಯವಾದೀತು; ಕೈಯಲ್ಲಿ ಹಗ್ಗ ಹಿಡಿದಿದ್ದವನು ಓಡಿಹೋದವನಲ್ಲ. ಕೊರತೆ ಬೇರೆಡೆಯಲ್ಲಿದೆಯೆಂದು ನಮಗೆ ತೋರುತ್ತದೆ. ಕವಾಟದ ಕಿರುಬಾಯಿಂದ ಅನಿಲ ಮೆಲ್ಲಮೆಲ್ಲನೆ ಹೊರಹೋಗುತ್ತದೆ. ಇಳಿದ ಕ್ಷಣದಲ್ಲಿಯೇ ಚೀಲ ಬರಿದಾಗಬೇಕಾದರೆ ಅದನ್ನೇ ಸೀಳಬೇಕು. ಎಳೆದೊಡನೆ ಸೀಳಿಕೊಳ್ಳುವ ಪಟ್ಟಿಯನ್ನು ಅಮೆರಿಕದ ಜಾನ್ ವೈಸ್ ಇದಕ್ಕೆ ದಶಕಗಳ ಹಿಂದೆಯೇ ಬಳಸಿದ್ದ. ಸಾಲಾಡಿನ್ನಿನ ವೃತ್ತಾಂತದಲ್ಲಿ ನಮಗೆ ಕೇಳಿಬರುವುದು ಕವಾಟದ ಹಗ್ಗವೊಂದೇ.

ಸಂಶೋಧನೆಯ ಬೆಲೂನುಗಳಲ್ಲಿ ಕೆಲಸ ಮುಗಿದ ಮೇಲೆ ನೆಲದಿಂದ ರೇಡಿಯೋ ಆಜ್ಞೆ ಹೋಗುತ್ತದೆ. ಉಪಕರಣಗಳ ಪೆಟ್ಟಿಗೆ ಕಳಚಿ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ. ಮೇಲಿನ ಚೀಲ ಹರಿದು, ಅನಿಲವನ್ನು ಕಳೆದುಕೊಂಡು, ಬೇರೆಯಾಗಿಯೇ ಬೀಳುತ್ತದೆ.