ಹೆಣ್ಣುಮಕ್ಕಳಿಗೆ ತಕ್ಕ ಆತ್ಮರಕ್ಷಣೆಯ ತರಗತಿಯನ್ನು ಆರಿಸುವ ಬಗೆ

ಪ್ರತಿ ವರ್ಷ ಶಾಲೆ ತೆರೆದೊಡನೆ ದೇವದುರ್ಗ, ಮಾನ್ವಿ ಮೊದಲಾದ ಕಡೆಗಳಿಂದ ಮಕ್ಕಳನ್ನು ಸೇರಿಸಲು ಬರುವ ತಂದೆತಾಯಂದಿರು ಪಾಠ, ಪುಸ್ತಕ, ಬಸ್ಸಿನ ವೇಳೆ ಇವೆಲ್ಲವನ್ನೂ ವಿಚಾರಿಸಿಕೊಂಡ ಮೇಲೆ, ಹೊರಡುವಾಗ ಹೊಸ್ತಿಲಲ್ಲಿ ನಿಂತು ಮತ್ತೊಂದು ಮಾತನ್ನು ಕೇಳುವದು ಈಚೆಗೆ ವಾಡಿಕೆಯಾಗಿದೆ. “ಹುಡುಗೀನ ಕರಾಟೆಗೆ ಹಾಕಬೇಕಂತೀವ್ರಿ, ಯಾವ ಕ್ಲಾಸು ಛಲೋ?” ಎಂಬುದೇ ಆ ಮಾತು. ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಹಲವರು ಈಗ ತಾವೇ ತಾಯಂದಿರಾಗಿ ಇದನ್ನೇ ಕೇಳುತ್ತಾರೆ. ಹೊಸ್ತಿಲಲ್ಲಿ ನಿಂತು ಕೊಡುವ ಉತ್ತರವು ಸಾಲದೆಂದು ಬಗೆದು, ನಮಗೆ ತಿಳಿದಷ್ಟನ್ನು ಈ ಸ್ಮರಣ ಸಂಚಿಕೆಯಲ್ಲಿ ಕ್ರಮವಾಗಿ ಬರೆಯುತ್ತೇವೆ.

ಮೊದಲು ನಮ್ಮ ತಪ್ಪನ್ನೇ ಹೇಳಿಕೊಳ್ಳುವದು ನ್ಯಾಯ. ಕೆಲವು ವರ್ಷಗಳ ಹಿಂದೆ ನಾವು ಒಬ್ಬ ಶಿಕ್ಷಕರನ್ನು ಗೊತ್ತುಮಾಡಿ, ಎಂಟು ಒಂಭತ್ತನೆಯ ತರಗತಿಯ ಹುಡುಗಿಯರಿಗೆ ಕರಾಟೆಯನ್ನು ಕಲಿಸಿದೆವು. ವಾರ್ಷಿಕೋತ್ಸವದ ದಿವಸ ಅವರು ಬಿಳಿಯ ಉಡುಪನ್ನು ತೊಟ್ಟು ಕೈಯಿಂದ ಹೆಂಚುಗಳನ್ನು ಒಡೆದರು, ಸಭೆಯು ಚಪ್ಪಾಳೆ ತಟ್ಟಿತು, ನಾವೂ ಹಿಗ್ಗಿದೆವು. ಆ ತಿಂಗಳು ಕಳೆಯುವದರೊಳಗೆ, ಎಲ್ಲರಿಗಿಂತ ಹೆಚ್ಚು ಹೆಂಚು ಒಡೆದಿದ್ದ ಹುಡುಗಿಯೇ ಶಾಲೆಗೆ ಬರುವದನ್ನು ಬಿಟ್ಟಳು. ವಿಚಾರಿಸಲಾಗಿ, ದಿನವೂ ಬಸ್ಸಿನಲ್ಲಿ ಒಬ್ಬ ಮನುಷ್ಯನು ಪಕ್ಕದಲ್ಲಿ ಕುಳಿತು ಅವಳನ್ನು ಪೀಡಿಸುತ್ತಿದ್ದನೆಂದೂ, ಅವಳು ಅನೇಕ ವಾರ ಬಾಯಿಬಿಡದೆ ಸಹಿಸಿದ್ದಳೆಂದೂ ತಿಳಿಯಿತು. “ಯಾಕಮ್ಮಾ ಕೂಗಲಿಲ್ಲ?” ಎಂದು ನಾವು ಕೇಳಿದ್ದಕ್ಕೆ ಅವಳು ತಲೆತಗ್ಗಿಸಿ, “ಅವ್ರು ನಮ್ಮಪ್ಪಗ ಗುರ್ತಿನವ್ರು ರೀ ಟೀಚರ್, ದೊಡ್ಡವ್ರಿಗೆ ಹ್ಯಾಂಗ ಅನ್ಬೇಕ್ರೀ?” ಎಂದಳು.

ಆ ಒಂದು ಮಾತು ನಮಗೆ ಕಲಿಸಿದಷ್ಟನ್ನು ಯಾವ ಪುಸ್ತಕವೂ ಕಲಿಸಲಿಲ್ಲ. ತುಂಬಿದ ಕೊಡವನ್ನು ಹೊತ್ತು, ರಜೆಯಲ್ಲಿ ಹೊಲಕ್ಕೆ ಹೋಗಿ ಹತ್ತಿ ಬಿಡಿಸುವ ನಮ್ಮ ಸೀಮೆಯ ಹುಡುಗಿಯ ಕೈಗೆ ಬಲ ಕಡಿಮೆಯಿಲ್ಲ. ಅವಳ ಬಾಯಿಗೆ ಅಪ್ಪಣೆಯಿಲ್ಲ. ಆದುದರಿಂದ ತರಗತಿಯನ್ನು ಆರಿಸುವವರು ಎಲ್ಲಕ್ಕೂ ಮೊದಲು ನೋಡತಕ್ಕದ್ದು ಇದೇ: ಅಲ್ಲಿ ಹುಡುಗಿಗೆ “ಬೇಡ” ಎಂದು ಗಟ್ಟಿಯಾಗಿ ಹೇಳುವ ಅಭ್ಯಾಸವನ್ನು ಮಾಡಿಸುತ್ತಾರೋ ಇಲ್ಲವೋ?

ಇದು ನಮ್ಮ ಊಹೆ ಮಾತ್ರವಲ್ಲ. ಕೆನಡಾ ದೇಶದ ಮೂರು ವಿಶ್ವವಿದ್ಯಾಲಯಗಳ 893 ವಿದ್ಯಾರ್ಥಿನಿಯರನ್ನು ಎರಡು ಪಂಗಡ ಮಾಡಿ ನಡಿಸಿದ ಒಂದು ಪರೀಕ್ಷೆಯ ಫಲವು 2015ರಲ್ಲಿ ಪ್ರಕಟವಾಯಿತು. ಒಂದು ಪಂಗಡದವರಿಗೆ ತಿಳಿವಳಿಕೆಯ ಹಸ್ತಪತ್ರಗಳನ್ನು ಮಾತ್ರ ಕೊಡಲಾಯಿತು. ಮತ್ತೊಂದು ಪಂಗಡದವರಿಗೆ ಒಟ್ಟು 12 ಗಂಟೆಗಳ ಶಿಕ್ಷಣವಾಯಿತು. ಗುರುತಿನ ಗಂಡಸರಿಂದ ಬರುವ ಅಪಾಯವನ್ನು ಬೇಗನೆ ಗುರುತಿಸುವದು, ದಾಕ್ಷಿಣ್ಯವನ್ನು ಮೀರಿ ಮಾತಾಡುವದು, ಕೂಗುವದು, ಕೊನೆಗೆ ಕೈಕಾಲುಗಳಿಂದ ಬಿಡಿಸಿಕೊಳ್ಳುವದು, ಇವೇ ಅದರ ಪಾಠಗಳು. ಮುಂದಿನ ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಗುರಿಯಾದವರ ಪ್ರಮಾಣವು ಹಸ್ತಪತ್ರದ ಪಂಗಡದಲ್ಲಿ ನೂರಕ್ಕೆ 9.8 ಆಗಿದ್ದರೆ, ಶಿಕ್ಷಣ ಹೊಂದಿದವರಲ್ಲಿ 5.2 ಆಗಿತ್ತು. ಅವರು ಹೆಂಚು ಒಡೆಯಲಿಲ್ಲ, ಪಟ್ಟಿ ಗಳಿಸಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ಇನ್ನು ಕಲೆಗಳ ಗುಣವನ್ನು ಸಂಕ್ಷೇಪವಾಗಿ ಹೇಳುವೆವು. ಕರಾಟೆಯು ಒಕಿನಾವಾ ದ್ವೀಪದಿಂದ ಬಂದದ್ದು. ಅದನ್ನು 1922ರಲ್ಲಿ ಟೋಕಿಯೋ ನಗರದಲ್ಲಿ ಪ್ರದರ್ಶಿಸಿ ಪ್ರಚಾರಕ್ಕೆ ತಂದ ಗಿಚಿನ್ ಫುನಾಕೋಶಿಯವರು ಶಾಲಾ ಉಪಾಧ್ಯಾಯರಾಗಿದ್ದವರು. ಏಟು, ಒದೆ, ತಡೆ ಇವು ಇದರ ಅಂಗಗಳು. ಏಟಿನೊಂದಿಗೆ ಗಟ್ಟಿಯಾಗಿ ಕೂಗುವ ರೂಢಿಯೂ ಇದರಲ್ಲಿರುವದರಿಂದ, ಸಂಕೋಚದ ಹುಡುಗಿಗೆ ಇದು ಹಿತವಾಗಬಹುದು. ಆದರೆ ಗಾಳಿಯಲ್ಲಿ ಕೈಬೀಸುವದರಲ್ಲಿಯೇ ವರ್ಷ ಕಳೆಯುವ ತರಗತಿಯಿಂದ ಪ್ರಯೋಜನ ಅಲ್ಪ. ಕೊರಿಯಾ ದೇಶದ ಟೇಕ್ವಾಂಡೋದಲ್ಲಿ ಕಾಲಿನ ಕೆಲಸವೇ ಹೆಚ್ಚು. ಓಟ ಕುಣಿತಗಳಲ್ಲಿ ಆಸಕ್ತಿಯುಳ್ಳ ಚುರುಕಾದ ಮಕ್ಕಳು ಅದನ್ನು ಬೇಗನೆ ಕಲಿಯುವರು. ಆದರೆ ಬಸ್ಸಿನ ಇಕ್ಕಟ್ಟಿನಲ್ಲಿ ಎತ್ತರಕ್ಕೆ ಒದೆಯುವದು ಅಸಾಧ್ಯವೆಂಬುದನ್ನು ಮರೆಯಬಾರದು.

ಜೂಡೋ ಕಲೆಯನ್ನು 1882ರಲ್ಲಿ ಸ್ಥಾಪಿಸಿದ ಜಿಗೋರೋ ಕಾನೋ ಅವರೂ ಉಪಾಧ್ಯಾಯರೇ. ಶಿಕ್ಷಕರನ್ನು ತಯಾರು ಮಾಡುವ ವಿದ್ಯಾಲಯದ ಮುಖ್ಯಸ್ಥರಾಗಿದ್ದವರು. ಹಿಡಿದವನ ಹಿಡಿತವನ್ನು ಬಿಡಿಸುವದು, ಅವನ ತೂಕದಿಂದಲೇ ಅವನನ್ನು ಕೆಡವುವದು, ತಾನು ಬಿದ್ದರೆ ಪೆಟ್ಟಾಗದಂತೆ ಬೀಳುವದು, ಇವನ್ನು ಇದು ಕಲಿಸುತ್ತದೆ. ರವೀಂದ್ರನಾಥ ಠಾಕೂರರು 1929ರಲ್ಲಿ ಜಪಾನಿನಿಂದ ತಕಾಗಾಕಿ ಎಂಬ ಗುರುಗಳನ್ನು ಶಾಂತಿನಿಕೇತನಕ್ಕೆ ಕರೆಯಿಸಿ, ಹುಡುಗಿಯರಿಗೂ ಜೂಡೋವನ್ನು ಕಲಿಸಿದರು. ಹೆಣ್ಣುಮಕ್ಕಳಿಗೆ ಇಂಥ ವಿದ್ಯೆ ಹೊಸ ಫ್ಯಾಷನ್ ಎನ್ನುವವರಿಗೆ ಈ ಸಂಗತಿಯನ್ನು ತಿಳಿಸಬಹುದು.

ನಮ್ಮದೇ ಕುಸ್ತಿಯನ್ನೂ ಮರೆಯಬಾರದು. ರಾಯಚೂರಿನಲ್ಲಿ ಕಾರಹುಣ್ಣಿಮೆಯ ಮುಂಗಾರು ಹಬ್ಬಕ್ಕೆ ಎತ್ತುಗಳು ಕಲ್ಲೆಳೆಯುವದನ್ನೂ ಪೈಲವಾನರು ಸೆಣಸುವದನ್ನೂ ನೋಡದವರು ಕಡಿಮೆ. ಗರಡಿಮನೆಯ ಬಾಗಿಲು ಬಹುಕಾಲ ಹೆಂಗಸರಿಗೆ ಮುಚ್ಚಿತ್ತು. ಆದರೆ 2004ರಿಂದ ಒಲಿಂಪಿಕ್ಸಿನಲ್ಲಿ ಮಹಿಳೆಯರ ಕುಸ್ತಿ ನಡೆಯುತ್ತಿದೆ. 2016ರಲ್ಲಿ ಸಾಕ್ಷಿ ಮಲಿಕ್ ಅದರಲ್ಲಿ ಭಾರತಕ್ಕೆ ಕಂಚಿನ ಪದಕವನ್ನು ತಂದರು. ಮಹಿಳಾ ಶಿಕ್ಷಕಿಯು ದೊರೆತರೆ ಇದೂ ಒಳ್ಳೆಯ ವಿದ್ಯೆಯೇ. ಸರಕಾರಿ ಶಾಲೆಗಳ 6ರಿಂದ 12ನೆಯ ತರಗತಿಯ ಹುಡುಗಿಯರಿಗೆ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಝಾನ್ಸಿ ರಾಣಿಯ ಹೆಸರಿನಿಂದ ಮೂರು ತಿಂಗಳ ಶಿಕ್ಷಣವೂ, ನಮ್ಮ ರಾಜ್ಯದ ವಸತಿ ಶಾಲೆಗಳಲ್ಲಿ ಒನಕೆ ಓಬವ್ವನ ಹೆಸರಿನಿಂದ ಶಿಕ್ಷಣವೂ ಏರ್ಪಟ್ಟಿವೆ. ನಿಮ್ಮ ಊರಿನ ಶಾಲೆಯಲ್ಲಿ ಅದು ಇದ್ದರೆ ಹಣ ಕೊಟ್ಟು ಬೇರೆ ಕಡೆ ಹುಡುಕುವ ಮೊದಲು ಅದನ್ನು ವಿಚಾರಿಸಿರಿ. ಚಿತ್ರದುರ್ಗದ ಆ ಓಬವ್ವನ ಕಥೆಯನ್ನೇ ನೋಡಿರಿ. ಅವಳು ಮೊದಲು ಶತ್ರುವನ್ನು ಗುರುತಿಸಿದಳು. ಇಕ್ಕಟ್ಟಾದ ಕಿಂಡಿಯ ಬಳಿ ತನಗೆ ಅನುಕೂಲವಾದ ಸ್ಥಳದಲ್ಲಿ ನಿಂತಳು. ದಿನವೂ ಎತ್ತಿ ಕುಟ್ಟುತ್ತಿದ್ದ ಒನಕೆಯನ್ನೇ ಆಯುಧ ಮಾಡಿಕೊಂಡಳು. ಆತ್ಮರಕ್ಷಣೆಯ ಪಾಠವೆಲ್ಲ ಅದರಲ್ಲಿಯೇ ಅಡಗಿದೆ.

ಕಲೆಗಿಂತಲೂ ಕಲಿಸುವವರು ಮುಖ್ಯ. ಸೇರಿಸುವ ಮೊದಲು ತಾಯಿಯಾದವಳು ಮಗಳೊಡನೆ ಹೋಗಿ ಒಂದು ಪಾಠವನ್ನು ಪೂರ್ತಿ ಕುಳಿತು ನೋಡಬೇಕು. ನೋಡಲು ಬಿಡದ ತರಗತಿಗೆ ಮಗಳನ್ನು ಕಳಿಸಲೇಬಾರದು. ಶಿಕ್ಷಕರು ಮೈಮುಟ್ಟಿ ತಿದ್ದುವ ಮೊದಲು ಅನುಮತಿಯನ್ನು ಕೇಳುತ್ತಾರೋ? ಹುಡುಗಿಯು “ಇದು ನನಗೆ ಬೇಡ” ಎಂದರೆ ಗೌರವಿಸುತ್ತಾರೋ, ನಗುತ್ತಾರೋ? ಒಬ್ಬ ಹೆಂಗಸಾದರೂ ಅಲ್ಲಿ ಇರುತ್ತಾಳೋ? ಹೊಸಬರನ್ನು ಬಲಿಷ್ಠರ ಎದುರಿಗೆ ನಿಲ್ಲಿಸಿ ಪೆಟ್ಟು ತಿನ್ನಿಸುತ್ತಾರೋ? ಕೋಪದಲ್ಲಿ ಕೈಯೆತ್ತುವ ಶಿಕ್ಷಕನು ಎಷ್ಟೇ ಪದಕ ಪಡೆದಿದ್ದರೂ, ಬೇಡವೆನ್ನುವ ಬಾಯನ್ನು ಅವನು ಮತ್ತಷ್ಟು ಮುಚ್ಚಿಸುವನೇ ಹೊರತು ತೆರೆಯಿಸಲಾರನು. “ಮೂರು ತಿಂಗಳಲ್ಲಿ ಯಾರನ್ನಾದರೂ ಸೋಲಿಸುವಳು” ಎಂದು ಹೇಳುವವರನ್ನು ನಂಬಬೇಡಿರಿ. ಬಿಡಿಸಿಕೊಂಡು ಓಡುವದೇ ಗೆಲವು ಎಂದು ಕಲಿಸುವವರು ನಿಜವಾದ ಗುರುಗಳು.

ವೇಳೆ ಮತ್ತು ದಾರಿಯನ್ನೂ ಲೆಕ್ಕಿಸತಕ್ಕದ್ದು. ಮಗಳ ರಕ್ಷಣೆಗೆಂದು ಸೇರಿಸಿದ ತರಗತಿಯು ರಾತ್ರಿ ಎಂಟಕ್ಕೆ ಮುಗಿದು, ಅವಳು ದೇವದುರ್ಗದ ಕೊನೆಯ ಬಸ್ಸಿಗಾಗಿ ಒಬ್ಬಳೇ ಕಾಯಬೇಕಾದರೆ ಅದು ವಿವೇಕವಲ್ಲ. ದೂರದ ಹೆಸರುವಾಸಿಯಾದ ತರಗತಿಗಿಂತ ಹತ್ತಿರದ ಸಾಧಾರಣ ತರಗತಿಯೇ ಮೇಲು. ನೆರೆಯ ಇಬ್ಬರು ಹುಡುಗಿಯರು ಕೂಡಿ ಹೋಗುವದಾದರೆ ಇನ್ನೂ ಮೇಲು. ನಮ್ಮ ಸೀಮೆಯ ಬೇಸಿಗೆಯು 40 ಡಿಗ್ರಿಯನ್ನು ದಾಟುವದರಿಂದ, ಏಪ್ರಿಲ್ ಮೇ ತಿಂಗಳುಗಳಲ್ಲಿ ಬೆಳಗಿನ ಪಾಠವನ್ನೇ ಆರಿಸಬೇಕು. ನಡುನಡುವೆ ನೀರು ಕುಡಿಯಲು ಬಿಡದ ಶಿಸ್ತು ಶಿಸ್ತಲ್ಲ. ಉಬ್ಬಸ ಮೊದಲಾದ ಬೇನೆಯಿದ್ದರೆ ವೈದ್ಯರನ್ನು ಕೇಳಿ, ಶಿಕ್ಷಕರಿಗೂ ಮೊದಲೇ ತಿಳಿಸಬೇಕು. ತಿಂಗಳ ಶುಲ್ಕದ ಹೊರತಾಗಿ ಉಡುಪು, ಪರೀಕ್ಷೆ, ಪಟ್ಟಿ ಇವುಗಳಿಗೆ ಎಷ್ಟೆಂದು ಮುಂಚಿತವಾಗಿಯೇ ಕೇಳಿರಿ. ಎಷ್ಟೋ ಮಕ್ಕಳು ಈ ಬೇರೆ ಖರ್ಚಿನ ದೆಸೆಯಿಂದ ನಡುವೆಯೇ ಬಿಟ್ಟಿದ್ದಾರೆ.

ಕಾನೂನನ್ನೂ ಮಕ್ಕಳಿಗೆ ತಿಳಿಸಿರಿ. ತನ್ನ ದೇಹವನ್ನು ರಕ್ಷಿಸಿಕೊಳ್ಳುವ ಹಕ್ಕು ಪ್ರತಿಯೊಬ್ಬರಿಗೂ ಉಂಟು. 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಇದನ್ನು ವಿವರಿಸುತ್ತವೆ. ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಬಾರದೆಂಬುದೇ ಅದರ ಎಲ್ಲೆ. ಹದಿನೆಂಟು ವರ್ಷದೊಳಗಿನ ಮಕ್ಕಳನ್ನು ಲೈಂಗಿಕ ಪೀಡೆಯಿಂದ ಕಾಯಲು 2012ರ ಪೋಕ್ಸೋ ಕಾಯಿದೆಯಿದೆ. 112, ಮಕ್ಕಳಿಗಾಗಿ 1098, ಮಹಿಳೆಯರಿಗಾಗಿ 181, ಈ ಮೂರು ಸಂಖ್ಯೆಗಳು ಮಗ್ಗಿಯಂತೆ ಬಾಯಿಪಾಠವಾಗಿರಲಿ.

ಕೊನೆಯದಾಗಿ, ತಂದೆತಾಯಂದಿರಿಗೆ ಒಂದು ಬಿನ್ನಹ. ಮೇಲೆ ಹೇಳಿದ ಹುಡುಗಿಯ ತಂದೆಯು ಸಂಗತಿಯನ್ನು ತಿಳಿದಾಗ ಮೊದಲು ಆಡಿದ ಮಾತು, “ಇನ್ನ ಸಾಲಿ ಬ್ಯಾಡ, ಮನ್ಯಾಗ ಇರಲಿ” ಎಂದು. ಈ ಮಾತಿಗೆ ಅಂಜಿಯೇ ಅವಳು ಅಷ್ಟು ದಿವಸ ಸುಮ್ಮನಿದ್ದದ್ದು. ಪೀಡಿಸಿದವನು ಬಸ್ಸಿನಲ್ಲಿ ತಿರುಗುತ್ತಿರಲು, ಪೀಡೆಗೊಳಗಾದವಳಿಗೆ ಮನೆಯೇ ಸೆರೆಯಾಗುವದಾದರೆ, ಮತ್ತೊಬ್ಬ ಹುಡುಗಿಯು ಬಾಯಿಬಿಡುವದೆಂತು? ನಾವು ದೇವದುರ್ಗಕ್ಕೆ ಎರಡು ಸಾರಿ ಹೋಗಿ ಅವರೊಡನೆ ಕುಳಿತು ಮಾತಾಡಿದೆವು. ಮೂರು ವಾರಗಳ ಮೇಲೆ ತಂದೆಯೇ ಅವಳನ್ನು ಕರೆತಂದು ಬಿಟ್ಟರು; ಆ ಗುರುತಿನ ಮನುಷ್ಯನಿಗೆ ತಕ್ಕ ಮಾತನ್ನೂ ಅವರೇ ಆಡಿದ್ದರು. ಅವಳು ಹತ್ತನೆಯ ತರಗತಿಯನ್ನು ನಮ್ಮಲ್ಲಿಯೇ ಮುಗಿಸಿದಳು.

ಆದುದರಿಂದ ಮಗಳನ್ನು ಯಾವ ತರಗತಿಗೆ ಸೇರಿಸಿದರೂ, ಸೇರಿಸುವ ದಿವಸ ಅವಳನ್ನು ಹತ್ತಿರ ಕೂಡಿಸಿಕೊಂಡು, “ಏನೇ ಆಗಲಿ ನಮಗೆ ಹೇಳು, ನಿನ್ನ ಸಾಲಿ ಬಿಡಿಸುವದಿಲ್ಲ” ಎಂದು ಮಾತು ಕೊಡಿರಿ. ಹೆಂಚು ಒಡೆಯುವ ಪ್ರದರ್ಶನವನ್ನು ನಾವು ನಿಲ್ಲಿಸಿದ್ದೇವೆ. ಅದರ ಬದಲಿಗೆ ಶನಿವಾರದ ಕೊನೆಯ ಗಂಟೆಯಲ್ಲಿ, ಬಸ್ಸಿನಂತೆ ಬೆಂಚುಗಳನ್ನು ಜೋಡಿಸಿ, ಹುಡುಗಿಯರು ಎದ್ದುನಿಂತು “ದೂರ ಸರೀರಿ” ಎಂದು ಎಲ್ಲರಿಗೂ ಕೇಳುವಂತೆ ಹೇಳುವ ಅಭ್ಯಾಸವನ್ನು ಮಾಡುತ್ತಾರೆ. ಮೊದಲ ದಿನ ನಗುತ್ತಾರೆ. ನಾಲ್ಕನೆಯ ವಾರಕ್ಕೆ ಅವರ ಧ್ವನಿಯು ಅಂಗಳದಾಚೆಗೂ ಕೇಳಿಬರುತ್ತದೆ. ಪೂರ್ವ ವಿದ್ಯಾರ್ಥಿನಿಯರಲ್ಲಿ ಯಾವ ಕಲೆಯನ್ನಾದರೂ ಬಲ್ಲವರು ಒಂದು ಶನಿವಾರ ಬಂದು ಈ ಮಕ್ಕಳೊಡನೆ ನಿಂತರೆ ನಮಗೆ ಬಹಳ ಸಂತೋಷವಾಗುವದು.