ಕಾಗೆಯ ಚಿತ್ರಕ್ಕೂ ಒಂದು ತಿಂಗಳು!

ವಾನಳ್ಳಿ: ಇಲ್ಲಿ ಶಿರಸಿ ಬಸ್ಸಿಗೆ ಕಾಯುವವರ ತಲೆಯ ಮೇಲೆ ಕರೆಂಟು ತಂತಿ, ತಂತಿಯ ಮೇಲೊಂದು ಕರಿ ಹಕ್ಕಿ. ಅದ್ಯಾವ ಹಕ್ಕಿ ಅಂತ ಕೇಳಿ ನೋಡಿ. 'ಇನ್ಯಾವುದು ಮಾರಾಯ್ರೇ, ಕಾಗೆ' ಎಂಬ ಉತ್ತರ ತಯಾರಾಗಿರುತ್ತದೆ. ಬಾಲ ಕತ್ತರಿಯ ಹಾಗೆ ಸೀಳಿದ್ದರೆ ಅದು ಕಾಗೆಯಲ್ಲ, ಕಾಜಾಣ. ಕಣ್ಣು ಕೆಂಪಗಿದ್ದರೆ ಗಂಡು ಕೋಗಿಲೆ. ಕಪ್ಪಗಿದ್ದದ್ದೆಲ್ಲ ಕಾಗೆ ಎಂದು ಕೈತೊಳೆದುಕೊಳ್ಳುವುದು ನಮ್ಮ ಕಡೆಯ ಸರ್ವೇಸಾಮಾನ್ಯ ರೂಢಿ.

ಈ ರೂಢಿಗೆ ಮದ್ದು ಚಿತ್ರ ಬರೆಯುವವರ ಕೈಯಲ್ಲಿದೆ. ಅಮೆರಿಕದ ಚಿತ್ರಗಾರ ಜೇಕ್ ಪಾರ್ಕರ್ 2009ರಲ್ಲಿ ತನಗೆ ತಾನೇ ಒಂದು ಪಂಥ ಹಾಕಿಕೊಂಡ. ಅಕ್ಟೋಬರಿನ 31 ದಿನವೂ ದಿನಕ್ಕೊಂದು ಚಿತ್ರ, ಅದೂ ಶಾಯಿಯಲ್ಲೇ. 'ಇಂಕ್ಟೋಬರ್' ಎಂಬ ಹೆಸರಿನಲ್ಲಿ ಈ ಪಂಥ ದೇಶ ದೇಶಗಳಿಗೆ ಹಬ್ಬಿತು. ಅದರ ಬೆನ್ನಿಗೇ ನವೆಂಬರ್ ತಿಂಗಳನ್ನು ಕಾಗೆಗೆ ಮೀಸಲಿಟ್ಟವರೂ ಹುಟ್ಟಿಕೊಂಡರು. ಇಂಗ್ಲಿಷಿನ 'ಕ್ರೋ'ಗೆ ನವೆಂಬರ್ ಗಂಟುಹಾಕಿ ಅದಕ್ಕೆ 'ಕ್ರೋವೆಂಬರ್' ಎಂದರು. ಕಾಗೆ ಮತ್ತು ಅದರ ನೆಂಟರಿಷ್ಟರನ್ನು ಬರೆಯುವುದು, ಬರೆದದ್ದನ್ನು ಪರಸ್ಪರ ತೋರಿಸಿಕೊಳ್ಳುವುದು, ಇಷ್ಟೇ ಕೆಲಸ. ಬಹುಮಾನದ ಆಸೆಗೆ ಯಾರೂ ಕೂರುವುದಿಲ್ಲ. ಇಂಥದ್ದರಲ್ಲಿ ಕೈಯಾಡಿಸುವವರು ಹೆಚ್ಚಾಗಿ ಹವ್ಯಾಸಿಗಳು.

'ಎಂಥದೋ ತಮಾ, ಕಾಗೆ ಬರೆಯೋದು ಅದೇನು ಮಹಾ ಕೆಲಸ? ಮಸಿ ಬಳಿದರಾಯಿತಲ್ಲ!' ಎನ್ನುವವರಿದ್ದಾರೆ. ಒಂದು ಸಲ ಬಳಿದು ನೋಡಲಿ. ಕಾಗೆಯ ಬದಲು ಕಾಗದದ ಮೇಲೆ ಇದ್ದಿಲಿನ ತುಂಡು ಬಿದ್ದ ಹಾಗೆ ಕಾಣುತ್ತದೆ. ಬಿಸಿಲಿಗೆ ಕೂತ ಕಾಗೆಯ ರೆಕ್ಕೆಯಲ್ಲಿ ನೀಲಿ ಇದೆ, ನೇರಳೆ ಇದೆ. ಗರಿಯೊಳಗಿನ ಬಣ್ಣ ಕಪ್ಪೇ. ಆದರೆ ಗರಿಯ ಸೂಕ್ಷ್ಮ ರಚನೆಗೆ ಬೆಳಕು ಬಡಿದು ಆ ಮಿಂಚು ಹುಟ್ಟುತ್ತದೆ. ಬಲ್ಲವರು ಆ ಮಿಂಚಿನ ಜಾಗದಲ್ಲಿ ಶಾಯಿ ತಾಗಿಸದೆ ಕಾಗದವನ್ನು ಬೆಳ್ಳಗೇ ಬಿಡುತ್ತಾರೆ. ಎಲ್ಲಿ ಬಿಡಬೇಕು ಎಂಬುದು ತಿಳಿಯಬೇಕಾದರೆ ಹಕ್ಕಿಯನ್ನು ಕಣ್ಣಾರೆ ನೋಡಬೇಕು. ಪಂಥದ ಮರ್ಮ ಇರುವುದು ಇಲ್ಲೇ.

ಈ ಪಂಥಕ್ಕೆ ವಾನಳ್ಳಿಗಿಂತ ಒಳ್ಳೆಯ ಜಾಗ ಬೇಕೇ? ಊರುಕಾಗೆಗೆ ಕುತ್ತಿಗೆ ಬೂದು. ಕಾಡುಕಾಗೆ ಪೂರಾ ಕಪ್ಪು, ಕೊಕ್ಕು ದಪ್ಪ. ಕೆಂಬೂತಕ್ಕೆ ಮೈ ಕಪ್ಪು, ರೆಕ್ಕೆ ಇಟ್ಟಿಗೆ ಬಣ್ಣ. ಭೀಮರಾಜನ ಬಾಲದಲ್ಲಿ ಎರಡು ಉದ್ದನೆಯ ಎಳೆ, ತುದಿಗೊಂದೊಂದು ಗರಿಯ ಕುಚ್ಚು. ಕಾಡುಮೈನಾದ ಕಪ್ಪು ತಲೆಗೆ ಹಳದಿ ಪಟ್ಟಿ. ಹಳ್ಳದ ಬದಿಗೆ ಮನುಷ್ಯರಂತೆ ಸಿಳ್ಳೆ ಹಾಕುವ ಸಿಳ್ಳಾರ ದೂರಕ್ಕೆ ಕಪ್ಪು, ಹತ್ತಿರ ಹೋದರೆ ಕಡುನೀಲಿ. ಘಟ್ಟದ ಕಾಡಿನ ದೊಡ್ಡ ಮಂಗಟ್ಟೆ ಕಪ್ಪು ಬಿಳುಪಿನ ಹಕ್ಕಿ. ಅದಕ್ಕೆ ಗೂಡು ಮಾಡಲು ಪೊಟರೆ ಇರುವ ಹಳೇ ಮರವೇ ಆಗಬೇಕು. ಮರ ಹೋದರೆ ಮಂಗಟ್ಟೆಯೂ ಹೋಯಿತು.

ಕಲಾಶಾಲೆಯ ಮೆಟ್ಟಿಲು ಹತ್ತಿದವರಿಗೆ ಮಾತ್ರ ಇದು ಸಾಧ್ಯ ಅನ್ನುವಂತಿಲ್ಲ. ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಹುಡುಗರಿದ್ದಾಗಿನಿಂದಲೂ ಕಾಗೆ ಬರೆದವರು. ಮುಂಬೈನ ಜೆ.ಜೆ. ಕಲಾಶಾಲೆ ಅವರನ್ನು ಸೇರಿಸಿಕೊಳ್ಳಲಿಲ್ಲ. ಮೈಸೂರಿನಲ್ಲೇ ಓದಿ, ಮುಂದೆ ದೇಶಕ್ಕೇ ಹೆಸರಾದ ವ್ಯಂಗ್ಯಚಿತ್ರಗಾರರಾದರು. 'ಶ್ರೀಸಾಮಾನ್ಯ'ನನ್ನು ಬರೆದ ಕೈ 2015ರಲ್ಲಿ ಕಣ್ಮುಚ್ಚುವವರೆಗೂ ಕಾಗೆಯ ಮೇಲಿನ ಪ್ರೀತಿ ಬಿಡಲಿಲ್ಲ.

ಶಾಯಿ ತರಲು ಪೇಟೆಗೆ ಓಡಬೇಕಾಗಿಯೂ ಇಲ್ಲ. ಸಿದ್ದಾಪುರ, ಸಾಗರ, ಸೊರಬ ಕಡೆಯ ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವಾಗ ಅಕ್ಕಿಯನ್ನು ಕರ್ರಗೆ ಹುರಿದು ಕಪ್ಪು ಬಣ್ಣ ಮಾಡುತ್ತಾರೆ. ಪುಂಡಿ ನಾರೇ ಕುಂಚ. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಚಿತ್ತಾರ ಬರೆದು, ಅದರಲ್ಲಿ ಅಡಿಗೆ ಹೊತ್ತು ಗದ್ದೆಗೆ ಹೋಗುತ್ತಾರೆ. ಅಲ್ಲಿ ಕಾಗೆಗೂ ಒಂದು ಎಡೆ ಉಂಟು.

ಎಡೆಯ ಮಾತು ಬಂದಾಗ ಇನ್ನೊಂದು ಮಾತು ಹೇಳಲೇಬೇಕು. ಪಿತೃಪಕ್ಷದಲ್ಲಿ ಪಿಂಡವಿಟ್ಟು 'ಕಾ ಕಾ' ಎಂದು ಕೂಗಿ ಕರೆಯುತ್ತೇವೆ. ಬಾರದಿದ್ದರೆ ಮನೆಯವರಿಗೆಲ್ಲ ಕಳವಳ. ಪಕ್ಷ ಮುಗಿದ ಮಾರನೇ ದಿನ ಅದೇ ಕಾಗೆಗೆ ಕಲ್ಲು! ಸರ್ಕಾರದ ಕಣ್ಣಿನಲ್ಲೂ ಅದಕ್ಕೆ ಬೆಲೆ ಇರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಉಪದ್ರವಿಗಳ ಪಟ್ಟಿಯಲ್ಲಿ ಇಲಿ, ಹಣ್ಣು ತಿನ್ನುವ ಬಾವಲಿಗಳ ಸಾಲಿನಲ್ಲೇ ಊರುಕಾಗೆಯ ಹೆಸರಿತ್ತು. ಹೊಡೆದರೂ ಕೇಳುವವರಿರಲಿಲ್ಲ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಆ ಪಟ್ಟಿಯೇ ಹೋಯಿತು. ಕಾಯ್ದೆಯ ಪುಸ್ತಕದಲ್ಲೇನೋ ಕಾಗೆಗೆ ಮರ್ಯಾದೆ ಸಿಕ್ಕಿತು, ಊರಿನಲ್ಲಿ ಸಿಗುವುದು ಯಾವಾಗ?

ಸೋಂದಾ ಬಳಿಯ ಮುಂಡಿಗೆಕೆರೆಗೆ ಬೆಳ್ಳಕ್ಕಿ ನೋಡಲು ಜನ ಹೋಗುತ್ತಾರೆ, ಸಂತೋಷ. ಕರಿ ಹಕ್ಕಿ ನೋಡಲು ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ, ತಲೆ ಎತ್ತಿದರಾಯಿತು. ಹೆಸರೇ ಗೊತ್ತಿಲ್ಲದ ಹಕ್ಕಿ ನಾಳೆ ಕಾಣದಾದರೆ 'ಹೋಯಿತು' ಎನ್ನುವವರಾದರೂ ಯಾರು?

ನವೆಂಬರ್ ಅಂದರೆ ಕೊನೆಕೊಯ್ಲು ಶುರುವಾಗುವ ಹೊತ್ತು, ಎಲ್ಲರಿಗೂ ಕೈತುಂಬ ಕೆಲಸ, ಒಪ್ಪಿಕೊಳ್ಳೋಣ. ಆದರೆ ಬಸ್ಸು ತಡವಾದಾಗ ನೋಟುಪುಸ್ತಕದ ಕೊನೆಯ ಹಾಳೆ ಇದೆ. ಗಿರಾಕಿ ಇಲ್ಲದ ಮಧ್ಯಾಹ್ನ ಅಂಗಡಿಯ ಬಿಲ್ಲು ಪುಸ್ತಕದ ಹಿಂಬದಿ ಖಾಲಿ ಇದೆ. ದಿನಕ್ಕೊಂದು ಬೇಡ, ವಾರಕ್ಕೊಂದು ಕರಿ ಹಕ್ಕಿ ಸಾಕು. ಬರೆದದ್ದನ್ನು ಶಾಲೆಯ ಗೋಡೆಗೋ ಸೊಸೈಟಿಯ ಬೋರ್ಡಿಗೋ ಅಂಟಿಸಿ, ಕೆಳಗೆ ಹಕ್ಕಿಯ ಹೆಸರು ಬರೆದರೆ ಊರಿಗೇ ಪಾಠ. ವಾನಳ್ಳಿಯ ಮಾಸ್ತರರೂ ಯುವಕರೂ ಇತ್ತ ಗಮನ ಹರಿಸಿಯಾರೇ?