ಗಡಾಯಿಕಲ್ಲು ಇವತ್ತು ಕಂಡಿತೇ?

ಬೆಳ್ತಂಗಡಿ ಕಡೆಯ ಆ ತೋಟದ ಮನೆಗೆ ಹೋದದ್ದು ಮಳೆ ಲೆಕ್ಕದ ಪುಸ್ತಕ ನೋಡುವುದಕ್ಕೆ. ಅಂಗಳದಲ್ಲೊಂದು ಮಳೆಮಾಪಕ, ಬೆಳಿಗ್ಗೆ ಎಂಟೂವರೆಗೆ ಅಳತೆ. ಗ್ರೀನಿಚ್‌ನಲ್ಲಿ ಆಗ ಸರಿಯಾಗಿ ಮೂರು ಗಂಟೆ. ಹವಾಮಾನ ಇಲಾಖೆಯ ಮಳೆಯ ದಿನ ಮುಗಿಯುವುದೂ ಆಗಲೇ. ಇಂಥ ಕೃಷಿಕರು ದಕ್ಷಿಣ ಕನ್ನಡಕ್ಕೆ ಹೊಸಬರಲ್ಲ. ನಾನು ಸಿಕ್ಕಿಬಿದ್ದದ್ದು ಪುಟದ ಕೊನೆಯ ಅಂಕಣದಲ್ಲಿ. ಮಳೆಯಿಲ್ಲದ ತಿಂಗಳುಗಳಲ್ಲೂ ಅಲ್ಲಿ ಏನೋ ಬರೆದಿದೆ: 'ಕಲ್ಲು ಕಂಡಿದೆ', 'ಕಲ್ಲು ಮಸುಕು', 'ಕಲ್ಲು ಇಲ್ಲ'.

ಕಲ್ಲು ಎಂದರೆ ಗಡಾಯಿಕಲ್ಲು, ಟಿಪ್ಪುವಿನ ಜಮಾಲಾಬಾದ್ ಕೋಟೆಯನ್ನು ಹೊತ್ತ ಬಂಡೆ. "ಅಷ್ಟು ದೊಡ್ಡ ಕಲ್ಲು ಕಾಣಲಿಲ್ಲ ಅಂದ್ರೆ ಬರೆದಿಡಬೇಡವಾ ಮಾರಾಯ್ರೆ?" ಎಂದರು ಮನೆಯ ಯಜಮಾನರು. ಬೆಳಗಿನ ಮಂಜು ಲೆಕ್ಕ ಕೆಡಿಸುತ್ತದೆಂದು ಅವರು ನೋಡುವುದು ಮಧ್ಯಾಹ್ನದ ಊಟಕ್ಕೆ ಮೊದಲು. ಈ ಜಾಣತನಕ್ಕೆ ನಾನು ಮಾರುಹೋದೆ. ಹವಾಮಾನ ಕೇಂದ್ರದ ವೀಕ್ಷಕರು ಕಣ್ಣಳತೆಯಲ್ಲಿ ದೃಗ್ಗೋಚರತೆ ಗುರುತಿಸುವುದೂ ಹೀಗೆಯೇ: ದೂರ ಗೊತ್ತಿರುವ ಗುಡ್ಡವೋ ಗೋಪುರವೋ ಕಂಡಿತೇ ಇಲ್ಲವೇ ಎಂದು. ಮಧ್ಯಾಹ್ನವೂ ಮಸುಕಾಗಿದ್ದರೆ ಹೊಗೆ, ಧೂಳಿನ ಮೇಲೆ ಅನುಮಾನ ಪಡಬಹುದು. ಅನುಮಾನ ಮಾತ್ರ, ಗಾಳಿಯ ತೇವಾಂಶವೂ ಈ ಆಟ ಆಡುತ್ತದೆ. ಜನವರಿ, ಫೆಬ್ರವರಿಯ ಪುಟಗಳಲ್ಲಿ 'ಮಸುಕು' ಸಾಲುಸಾಲಾಗಿ ಬರುತ್ತದೆ. ಜೂನ್‌ನಿಂದ ಅಂಕಣ ಖಾಲಿ.

ಇದೇ ಮಸುಕಿನ ಬೆನ್ನುಹತ್ತಿ 1999ರಲ್ಲಿ ಅಮೆರಿಕ, ಯುರೋಪ್, ಭಾರತದ ವಿಜ್ಞಾನಿಗಳು ಒಟ್ಟಾಗಿ ಮಾಲ್ಡೀವ್ಸ್‌ಗೆ ಬಂದಿದ್ದರು. ಇಂಡೋಎಕ್ಸ್ ಎಂಬ ಆ ಪ್ರಯೋಗದ ಮುಂದಾಳುಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ್ದ ವಿ. ರಾಮನಾಥನ್ ಮತ್ತು ನೊಬೆಲ್ ಪುರಸ್ಕೃತ ಪಾಲ್ ಕ್ರುಟ್ಜೆನ್. ಹಿಂದೂ ಮಹಾಸಾಗರದ ಉತ್ತರ ಭಾಗದ ಮೇಲೆ ಸುಮಾರು 3 ಕಿ.ಮೀ. ಎತ್ತರದವರೆಗೂ ಮಬ್ಬು ಕವಿದಿರುವುದನ್ನು ಅವರು ಕಂಡರು. 2002ರ ಹೊತ್ತಿಗೆ ಅದು 'ಏಷ್ಯಾದ ಕಂದು ಮೋಡ'ವಾಗಿ ಜಗತ್ತಿನ ಪತ್ರಿಕೆಗಳಲ್ಲಿ ಮಿಂಚಿತು. ಅದೇ ವಿಜ್ಞಾನ ಸಂಸ್ಥೆಯ ಜೆ. ಶ್ರೀನಿವಾಸನ್, ಸುಲೋಚನಾ ಗಾಡ್ಗೀಳ್ 'ಕರೆಂಟ್ ಸೈನ್ಸ್'ನಲ್ಲಿ ತಕರಾರು ಎತ್ತಿದರು: ಒಣ ತಿಂಗಳುಗಳ ಮಬ್ಬನ್ನು ಹಿಡಿದು ಮುಂಗಾರಿನ ಭವಿಷ್ಯ ಹೇಳಲಾದೀತೇ? ನನ್ನ ಒಲವು ಈ ತಕರಾರಿನವರ ಕಡೆಗೆ. ಮುಂದೆ ಹೆಸರಿನಿಂದ 'ಏಷ್ಯಾ' ಹೋಗಿ 'ವಾತಾವರಣದ' ಎಂದಾಯಿತು.

ಮಳೆಯನ್ನೇ ಹುಡುಕಿಕೊಂಡು ಬಂದದ್ದು 2016ರ ಇನ್‌ಕಾಂಪಾಸ್. ರೀಡಿಂಗ್ ವಿಶ್ವವಿದ್ಯಾಲಯದ ಆ್ಯಂಡ್ರೂ ಟರ್ನರ್, ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎಸ್. ಭಟ್ ಮುನ್ನಡೆಸಿದ ಈ ಯೋಜನೆಯಲ್ಲಿ ಬ್ರಿಟನ್ನಿನ ನಾಲ್ಕು ಎಂಜಿನ್‌ಗಳ ಸಂಶೋಧನಾ ವಿಮಾನ ಬೆಂಗಳೂರಿನಿಂದ ಎದ್ದು ಘಟ್ಟ ದಾಟಿ ಅರಬ್ಬಿ ಸಮುದ್ರದವರೆಗೆ ಹಾರಿತು. ಗಾಳಿಯಲ್ಲಿನ ಕಣಗಳನ್ನು ಅಭ್ಯಸಿಸುವ ಇನ್ನೊಂದು ತಂಡವೂ ಆ ವರ್ಷ ಇದೇ ವಿಮಾನವನ್ನು ಬಳಸಿತು. ಇನ್‌ಕಾಂಪಾಸ್‌ನವರು ಕಂಡುಕೊಂಡದ್ದು ಇದು: ಸಮುದ್ರದ ಮೇಲೆ ಮಧ್ಯಮ ಎತ್ತರದಲ್ಲಿ ವಾಯವ್ಯದ ಒಣಗಾಳಿ ನುಗ್ಗಿದರೆ ಅಲ್ಲಿ ಮೋಡ ಬೆಳೆಯುವುದಿಲ್ಲ. ಆಗ ಮಳೆ ಕರಾವಳಿಗೆ, ಘಟ್ಟಕ್ಕೆ ಸರಿಯುತ್ತದೆ. ಒಣಗಾಳಿ ಇಲ್ಲದಾಗ ಕಡಲಲ್ಲೇ ಸುರಿಯುತ್ತದೆ. ಅಡಿಕೆ ಬೆಳೆಗಾರನಿಗೆ ಇದು ಬರೀ ಪಾಠವಲ್ಲ. ಜುಲೈಯಲ್ಲಿ ಮಳೆ ಯಾವಾಗ ಬಿಡುತ್ತದೆಂದು ತಿಳಿದರೆ ತಾನೇ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವುದು! ಯಜಮಾನರ ಪುಸ್ತಕದಲ್ಲಿ ಆ ದಿನಗಳಿಗೆಲ್ಲ ಕೆಂಪು ಗೆರೆ.

2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಸುತ್ತಮುತ್ತ ಗುಡ್ಡ ಜರಿದು ತೋಟಗಳಿಗೆ ನೀರು ನುಗ್ಗಿದ್ದನ್ನು ಬೆಳ್ತಂಗಡಿ ಮರೆತಿಲ್ಲ. ಬಂಟ್ವಾಳದವರು 1974ರ ನೆರೆಯನ್ನು ಇನ್ನೂ ಮಾತಿನಲ್ಲಿ ತರುತ್ತಾರೆ. ಆದರೂ ಇನ್‌ಕಾಂಪಾಸ್‌ನವರು ನೆಲದಿಂದೇಳುವ ತೇವ, ಶಾಖ ಅಳೆಯುವುದಕ್ಕೆ ಕರ್ನಾಟಕದಲ್ಲಿ ಗೋಪುರ ನಿಲ್ಲಿಸಿದ್ದು ಧಾರವಾಡದಲ್ಲಿ ಮತ್ತು ಗುಂಡ್ಲುಪೇಟೆ ಬಳಿಯ ಬೇರಂಬಾಡಿಯಲ್ಲಿ. ಎರಡೂ ಘಟ್ಟದ ಮೇಲಿನ ಊರುಗಳು. ಮುಂದಿನ ಪ್ರಯೋಗದ ಸುದ್ದಿ ಬಂದಾಗ ಉಜಿರೆ, ಮೂಡುಬಿದಿರೆಯ ಕಾಲೇಜುಗಳು ಒಂದು ಗೋಪುರ ಘಟ್ಟದ ಕೆಳಗೂ ಬೇಕೆಂದು ಪಟ್ಟು ಹಿಡಿಯಲಿ. ಜಾಗ ಕೊಡಲು ಇಲ್ಲಿ ಜನ ಸಿಗುತ್ತಾರೆ.